ವಾಪಸ್ ಕೊಟ್ಟ ಪುಸ್ತಕಕ್ಕೂ ದಂಡ ಕೇಳಿದ ಗ್ರಂಥಾಲಯ

ಐದಕ್ಕೆ ಎರಡು ಸ್ಟಾರ್ ಕೊಡುತ್ತಿದ್ದೇನೆ. ಆ ಎರಡೂ ಓದುವ ಕೋಣೆಗೆ ಮತ್ತು ಅಲ್ಲಿರುವ ಒಳ್ಳೆಯ ಕನ್ನಡ ಪುಸ್ತಕಗಳಿಗೆ. ಎರವಲು ವಿಭಾಗಕ್ಕೆ ಒಂದೂ ಇಲ್ಲ. ಬೆಂಗಳೂರಿನ ಒಂದು ಬಡಾವಣೆಯ ಸರ್ಕಾರಿ ಶಾಖಾ ಗ್ರಂಥಾಲಯ ಇದು. ಹೆಸರು ಹಾಕುವುದಿಲ್ಲ, ಬೇರೆ ಕಡೆಯೂ ಇದೇ ತೊಂದರೆ ಆಗಿದೆ ಅಂತ ಗೆಳತಿಯರು ಹೇಳಿದ್ದಾರೆ.

ನಾವು ಮನೆ ಬದಲಾಯಿಸುತ್ತಿದ್ದೆವು. ಸದಸ್ಯತ್ವ ರದ್ದು ಮಾಡಿಸಿ ಠೇವಣಿ ವಾಪಸ್ ತರೋಣ ಅಂತ ಹೋದೆ. ಕೌಂಟರ್‌ನಲ್ಲಿದ್ದವರು ಕಂಪ್ಯೂಟರ್ ನೋಡಿ, "ಮೇಡಂ, ನಿಮ್ಮ ಹೆಸರಲ್ಲಿ ಎರಡು ಪುಸ್ತಕ ಬಾಕಿ ತೋರಿಸ್ತಿದೆ" ಅಂದರು. ಎರಡನ್ನೂ ಮಳೆಗಾಲ ಶುರುವಾಗುವ ಮೊದಲೇ ಕೊಟ್ಟಾಗಿತ್ತು. ಹೇಳಿದೆ. "ಸಿಸ್ಟಮ್‌ನಲ್ಲಿ ಬರ್ತಿಲ್ವಲ್ಲ ಮೇಡಂ, ಪುಸ್ತಕದ ಬೆಲೆ, ದಂಡ ಎರಡೂ ಠೇವಣಿಯಲ್ಲೇ ಹಿಡ್ಕೋತೀವಿ, ಉಳಿದದ್ದು ನೀವು ಕಟ್ಟಿ" ಅಂದರು. ಅವರು ಒರಟಾಗಿ ಮಾತಾಡಲಿಲ್ಲ, ಆದರೆ ಪರದೆ ಮೇಲೆ ಬಂದದ್ದೇ ನಿಜ, ಎದುರಿಗೆ ನಿಂತವಳು ಹೇಳುತ್ತಿರುವುದು ಸುಳ್ಳು ಅನ್ನುವ ಧಾಟಿ ಇತ್ತಲ್ಲ, ಅದು ತುಂಬಾ ನೋಯಿಸಿತು.

ಅಲ್ಲಿ ಪುಸ್ತಕ ವಾಪಸ್ ತೆಗೆದುಕೊಳ್ಳುವ ಕ್ರಮವೇ ಸರಿ ಇಲ್ಲ. ಸಂಜೆ ಹೊತ್ತು ಜನ ಜಾಸ್ತಿ, ಕೌಂಟರ್‌ಗೆ ಒಬ್ಬರೇ. ಪುಸ್ತಕ ಕೊಟ್ಟರೆ "ಅಲ್ಲಿಟ್ಟು ಹೋಗಿ" ಅನ್ನುತ್ತಾರೆ. ಮೇಜಿನ ಮೇಲೆ ರಾಶಿ ಬೆಳೆಯುತ್ತದೆ, ಅಟೆಂಡರ್ ಬಂದು ಅದನ್ನು ರ್ಯಾಕ್‌ಗೆ ಹಾಕುತ್ತಾರೆ. ನಡುವೆ ಬಾರ್‌ಕೋಡ್ ಸ್ಕ್ಯಾನ್ ಮಾಡುವುದು ತಪ್ಪಿದರೆ ಮುಗಿಯಿತು, ಪುಸ್ತಕ ಅವರ ರ್ಯಾಕ್‌ನಲ್ಲೇ ಇದ್ದರೂ ಲೆಕ್ಕದಲ್ಲಿ ನಿಮ್ಮ ಮನೆಯಲ್ಲಿರುತ್ತದೆ.

ನಾನೇ ಹುಡುಕುತ್ತೇನೆ ಅಂದೆ. ಜೀವನಚರಿತ್ರೆಗಳ ರ್ಯಾಕ್‌ನ ಕೆಳಗಿನ ಸಾಲಲ್ಲಿ ಒಂದು ಸಿಕ್ಕಿತು. "ಅದು ಬೇರೆ ಕಾಪಿ ಇರಬಹುದು" ಅಂದರು. ಹಾಗಾಗಿ ಮೊದಲ ಪುಟ ತೆಗೆದು ತೋರಿಸಿದೆ. ದುಂಡನೆಯ ಸೀಲ್ ಒಳಗೆ ನೀಲಿ ಇಂಕಿನಲ್ಲಿ ಬರೆದ ಅಕ್ಸೆಶನ್ ನಂಬರ್, ಪರದೆ ಮೇಲೆ ನನ್ನ ಹೆಸರಿನ ಕೆಳಗಿದ್ದ ನಂಬರ್, ಎರಡೂ ಒಂದೇ. ಒಂದೇ ಪುಸ್ತಕದ ಹತ್ತು ಪ್ರತಿ ಇದ್ದರೂ ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರ್ ಇರುತ್ತದೆ, ಅದಕ್ಕೇ ಇದು ಗಟ್ಟಿ ಸಾಕ್ಷಿ. ಹಿಂದಿನ ಹಾಳೆಯ ಚೀಟಿಯಲ್ಲಿ ನನಗೆ ಹಾಕಿಕೊಟ್ಟ ತಾರೀಖಿನ ಮೊಹರೂ ಇತ್ತು. ಇನ್ನೊಂದು ಪುಸ್ತಕವನ್ನು ಅಟೆಂಡರ್ ಒಬ್ಬರು, ತಮ್ಮ ಕೆಲಸ ಬಿಟ್ಟು ಬಂದು, ಒಳಕೋಣೆಯಲ್ಲಿ ಬೈಂಡಿಂಗ್‌ಗೆ ಅಂತ ಹಗ್ಗ ಕಟ್ಟಿಟ್ಟಿದ್ದ ಕಟ್ಟಿನಿಂದ ತೆಗೆದುಕೊಟ್ಟರು. ಅವರಿಗೆ ನಿಜವಾಗಿಯೂ ಋಣಿ.

ಎರಡೂ ಸಿಕ್ಕಿದರೂ ಬಾಕಿ ಅವತ್ತೇ ತೆಗೆಯಲಿಲ್ಲ, "ಸಾಹೇಬರು ಬರಬೇಕು" ಅಂದರು. ಎರಡೂ ನಂಬರ್ ಬರೆದು ಅರ್ಜಿ ಕೊಟ್ಟೆ, ನಕಲಿನ ಮೇಲೆ ಸೀಲ್, ಸಹಿ ಹಾಕಿಸಿಕೊಂಡೆ. ಆಮೇಲೆ ಠೇವಣಿ ಪೂರ್ತಿ ಬಂತು. ಆದರೆ ಪುಸ್ತಕ ಬೇರೆಯವರ ಕೈಗೆ ಹೋಗಿದ್ದರೆ? ಅಥವಾ ರ್ಯಾಕ್‌ನಲ್ಲಿ ಬಗ್ಗಿ ಹುಡುಕಲಾಗದ ವಯಸ್ಸಾದವರು ನನ್ನ ಜಾಗದಲ್ಲಿ ಇದ್ದಿದ್ದರೆ? ಸುಮ್ನೆ ದುಡ್ಡು ಕಟ್ಟಿ ಹೋಗುತ್ತಿದ್ದರು, ಅಲ್ವಾ?

ಹಿಂದೆ ಅನೇಕ ಗ್ರಂಥಾಲಯಗಳಲ್ಲಿ ಕಾರ್ಡ್ ಪದ್ಧತಿ ಇತ್ತು. ಪುಸ್ತಕ ಒಯ್ಯುವಾಗ ನಮ್ಮ ಕಾರ್ಡ್ ಅಲ್ಲೇ ಉಳಿಯುತ್ತಿತ್ತು, ಪುಸ್ತಕ ಕೊಟ್ಟ ತಕ್ಷಣ ಕಾರ್ಡ್ ನಮ್ಮ ಕೈಗೆ ಬರುತ್ತಿತ್ತು. ಕಾರ್ಡ್ ನಮ್ಮ ಹತ್ತಿರ ಇದೆ ಅಂದರೆ ಬಾಕಿ ಇಲ್ಲ ಅಂತಲೇ ಅರ್ಥ. ಕಂಪ್ಯೂಟರ್ ಬಂದ ಮೇಲೆ ಓದುಗರ ಕೈಗೆ ಏನೂ ಬರುವುದಿಲ್ಲ. ತಂತ್ರಜ್ಞಾನಕ್ಕೆ ಇದು ಆಗದ ಕೆಲಸವೇನಲ್ಲ. ಗ್ರಂಥಾಲಯಗಳಿಗೆ ಅಂತಲೇ ಇರುವ, ಉಚಿತವಾಗಿ ಸಿಗುವ ಕೋಹಾ ಸಾಫ್ಟ್‌ವೇರ್‌ನಲ್ಲೂ ಪುಸ್ತಕ ವಾಪಸ್ ಬಂತು ಅಂತ ಸದಸ್ಯರಿಗೆ ಇಮೇಲ್ ಕಳಿಸುವ ವ್ಯವಸ್ಥೆ ಇದೆ. ವಾಪಸ್ ಕೊಟ್ಟಿದ್ದೇನೆ ಅಂತ ಓದುಗರು ಹೇಳಿದರೆ ಅದನ್ನು ದಾಖಲಿಸಿಟ್ಟು ಹುಡುಕುವ ಸೌಲಭ್ಯವೂ ಇದೆ. ನಮ್ಮ ಶಾಖೆಗೆ ಅಷ್ಟೆಲ್ಲ ಆಗದಿದ್ದರೆ ಒಂದು ಸೀಲ್ ಹಾಕಿದ ಚೀಟಿ ಸಾಕು.

ಇದನ್ನು ಕೇಳುವುದು ನಮ್ಮ ಹಕ್ಕು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನಾವು ಗ್ರಂಥಾಲಯ ಕರ ಕಟ್ಟುತ್ತೇವೆ, ಅದು ತೆರಿಗೆಯ ಶೇ. 6ರಷ್ಟು. ಓದುಗರ ಸಮಯ ಉಳಿಸಬೇಕು ಅಂತ 1931ರಲ್ಲೇ ನಿಯಮ ಮಾಡಿದ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಬೆಂಗಳೂರಿನಲ್ಲಿ. ಅವರ ಊರಿನಲ್ಲೇ ಹೀಗಾದರೆ ಹೇಗೆ?

ಅಲ್ಲಿಗೆ ಹೋಗುವವರು ಪುಸ್ತಕ ತಂದ ದಿನವೇ ಅಕ್ಸೆಶನ್ ನಂಬರ್ ಇರುವ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ಕೊಡುವಾಗ ಮೇಜಿನ ಮೇಲೆ ಇಟ್ಟು ಬರಬೇಡಿ, ಸ್ಕ್ಯಾನ್ ಆಗುವವರೆಗೂ ನಿಂತು, ಪರದೆ ತೋರಿಸಿ ಅಂತ ಕೇಳಿ. ದಂಡ ಕೇಳಿದರೆ ಬಾಯಿಮಾತಿಗೆ ಕಟ್ಟಬೇಡಿ, ಬರೆದು ಕೊಡಿ ಅನ್ನಿ. ನಿಮ್ಮ ಅರ್ಜಿಗೆ ಉತ್ತರವೇ ಬರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಕೊನೆಯ ಸಲ ಪುಸ್ತಕಗಳ ಸ್ಟಾಕ್ ಎಣಿಸಿದ್ದು ಯಾವಾಗ, ಈ ನಂಬರಿನ ಪುಸ್ತಕ ಆಗ ರ್ಯಾಕ್‌ನಲ್ಲಿ ಇತ್ತೋ ಇಲ್ಲವೋ, ಇಷ್ಟು ಕೇಳಿದರೆ ಸಾಕು.