ಟೋರಿ ಪೈನ್ಸ್: ಸೌತ್ ಆಡಬೇಕೋ, ನಾರ್ತೋ?

ವಿದ್ಯಾನಗರದ ಗೆಳೆಯರೊಬ್ಬರು ಮಗಳ ಮನೆಗೆ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದಾರೆ. ಸ್ಯಾನ್ ಡಿಯಾಗೋದಲ್ಲಿ ಗಾಲ್ಫ್ ಆಡೋಕೆ ಒಂದೇ ದಿನ ಸಿಗುತ್ತಂತೆ, ಟೋರಿ ಪೈನ್ಸ್‌ನ ಎರಡು ಕೋರ್ಸ್‌ಗಳಲ್ಲಿ ಯಾವುದು ಅಂತ ಕೇಳಿದರು. ನಾರ್ತ್, ಕಣ್ಣು ಮುಚ್ಚಿಕೊಂಡು ನಾರ್ತ್.

ಎರಡೂ ಊರಿನವರ ಕೋರ್ಸೇ, ಕ್ಲಬ್ ಮೆಂಬರ್ ಆಗಬೇಕಿಲ್ಲ. ಹೊರಗಿನವರಿಗೆ ಫೀ ಮಾತ್ರ ಜಾಸ್ತಿ, ಸೌತ್‌ಗೆ ಇನ್ನೂ ಜಾಸ್ತಿ. ನಾನು ಹೋದಾಗ ನನ್ನ ಮಗ ಎರಡನ್ನೂ ಬುಕ್ ಮಾಡಿದ್ದ. ಸೌತ್ ಫೀ ಕೇಳಿ ಮನೆಯಾಕೆ, ‘ಅಲ್ರೀ, ಆ ರೊಕ್ಕದಾಗ ವರ್ಷದ ಜ್ವಾಳ ಬರ್ತಿತ್ತು’ ಅಂದಳು. ಆಗಲೇ ಕೇಳಬೇಕಿತ್ತು.

ಸೌತ್ ಅಂದರೆ 2008ರಲ್ಲಿ ಟೈಗರ್ ವುಡ್ಸ್ ಯುಎಸ್ ಓಪನ್ ಗೆದ್ದ ಜಾಗ. 2021ರ ಓಪನ್‌ಗೆ ಮುಂಚೆ, 2019ರಲ್ಲಿ, ಕೋರ್ಸ್ ವಿನ್ಯಾಸ ಮಾಡುವ ರೀಸ್ ಜೋನ್ಸ್ ಅದನ್ನು ಮತ್ತೆ ತಿದ್ದಿದರು. ಬಂಕರ್‌ಗಳೇನೋ, ಅಂದರೆ ಮರಳಿನ ಗುಂಡಿಗಳು, ಚೆನ್ನಾಗಿವೆ. ನನ್ನನ್ನು ಕೆಡವಿದ್ದು ಹುಲ್ಲು.

ನಾನು ಆಟ ಕಲಿತದ್ದು ಬೆಂಗಳೂರಿನಲ್ಲಿ ನೌಕರಿಗೆ ಇದ್ದಾಗ, ಬರ್ಮುಡಾ ಹುಲ್ಲಿನ ಮೇಲೆ. ಬರ್ಮುಡಾ ಅಂದರೆ ಬೇರೇನಲ್ಲ, ಗಣಪ್ಪನಿಗೆ ಏರಿಸುವ ಗರಿಕೆ, ನಮ್ಮ ಕಡೆಯ ಕರಕಿ. ಅಲ್ಲಿರೋದು ಕಿಕುಯು, ಪೂರ್ವ ಆಫ್ರಿಕಾದ್ದು. ಹಗ್ಗದಂಥ ಬಳ್ಳಿ ಒಂದರ ಮೇಲೊಂದು ಹೆಣೆದುಕೊಂಡು ಹಾಸಿಗೆ ಥರ ಆಗಿರುತ್ತೆ, ರಫ್‌ನಲ್ಲಿ, ಅಂದರೆ ಅಂಚಿಗೆ ಉದ್ದ ಬಿಟ್ಟ ಹುಲ್ಲಲ್ಲಿ, ಚೆಂಡು ಮೇಲೆ ನಿಲ್ಲಲ್ಲ, ಸೀದಾ ತಳಕ್ಕೆ ಇಳಿಯುತ್ತೆ.

ನಾಲ್ಕನೇ ಹೋಲ್‌ನಲ್ಲಿ ಎಡಕ್ಕೆ ಕಡಲಿನ ದರೆ. ಅದಕ್ಕೆ ಹೆದರಿ ಬಲಕ್ಕೆ ಹೊಡೆದೆ, ಚೆಂಡು ರಫ್‌ಗೆ ಬಿತ್ತು. ಬಿದ್ದದ್ದನ್ನು ನಾಲ್ಕೂ ಜನ ನೋಡಿದ್ದೇವೆ, ಆದರೂ ಕಾಣ್ತಿಲ್ಲ! ಹುಡುಕೋಕೆ ಈಗ ಮೂರೇ ನಿಮಿಷ, 2019ರಿಂದ ಐದಿಲ್ಲ. ಇನ್ನೇನು ಬಿಡಬೇಕು ಅನ್ನುವಾಗ ಮಗ, ‘ಅಪ್ಪಾ, ನಿಮ್ಮ ಬೂಟಿನ ಮಗ್ಗಲದಾಗ ಐತಲ್ಲ’ ಅಂದ. ಏಳನೇ ಐರನ್ ಅನ್ನೋ ಕೋಲು ತೆಗೆದು ಬೀಸಿದೆ. ಹುಲ್ಲು ಐರನ್ನಿನ ಕುತ್ತಿಗೆ ಹಿಡಿದು ತಿರುಚಿತು, ಚೆಂಡು ಹತ್ತು ಹೆಜ್ಜೆ ಎಡಕ್ಕೆ ಹೋಗಿ ಮತ್ತೆ ಅದೇ ಹುಲ್ಲಲ್ಲಿ ಕೂತಿತು. ಇನ್ನೊಂದು ಸಲ ಬೀಸಿದೆ, ಮತ್ತೆ ಅದೇ ಕಥೆ. ಒಂಬತ್ತು ಹೋಲ್ ಮುಗಿಯೋ ಹೊತ್ತಿಗೆ ಮಣಿಕಟ್ಟು ಹೊಲದಲ್ಲಿ ದಿನವಿಡೀ ಕರಕಿ ಕಿತ್ತವನ ಹಾಗೆ ನೋಯ್ತಿತ್ತು. ಆಮೇಲೆ ತಿಳಿದದ್ದು, ಆ ಹುಲ್ಲಲ್ಲಿ ಬಿದ್ದರೆ ಜಂಬ ಬಿಟ್ಟು ವೆಡ್ಜ್ ಅನ್ನೋ ಗಿಡ್ಡ ಕೋಲು ಹಿಡಿದು ಸುಮ್ನೆ ಫೇರ್‌ವೇಗೆ, ಅಂದರೆ ನಡುವಿನ ಕತ್ತರಿಸಿದ ಹುಲ್ಲಿಗೆ, ತಳ್ಳಬೇಕು. ತಿಳಿಯುವಾಗ ಹದಿನಾಲ್ಕನೇ ಹೋಲ್‌ನಲ್ಲಿದ್ದೆ.

ಮೂರನೇ ಹೋಲ್ ಮಾತ್ರ, ಕಡಲಿಗೇ ಹೊಡೆದ ಹಾಗಿರುತ್ತೆ, ಅಷ್ಟು ಚಂದ.

ಎರಡು ದಿನ ಬಿಟ್ಟು ನಾರ್ತ್. ಅದನ್ನು 2016ರಲ್ಲಿ ಹಳೆಯ ಆಟಗಾರ, ಆಮೇಲೆ ಕೋರ್ಸ್ ವಿನ್ಯಾಸಕ್ಕೆ ಇಳಿದ ಟಾಮ್ ವೈಸ್ಕಾಫ್ ತಿದ್ದಿದ್ದು. ಗ್ರೀನ್, ಅಂದರೆ ಗುಳಿ ಇರುವ ನುಣುಪು ಹುಲ್ಲಿನ ಜಾಗ, ದೊಡ್ಡದು ಮಾಡಿದರು, ಬಂಕರ್ ಕಡಿಮೆ ಮಾಡಿದರು, ಮೊದಲ ಒಂಬತ್ತು ಹೋಲನ್ನು ಕೊನೆಗೆ, ಕೊನೆಯದನ್ನು ಮೊದಲಿಗೆ ತಂದರು. ಇಲ್ಲೂ ಕಿಕುಯು ಇದೆ, ಆದರೆ ನಾನು ಆಡಿದ ದಿನ ಅಷ್ಟು ಬೆಳೆದಿರಲಿಲ್ಲ. ಗ್ರೀನ್‌ಗೆ ಬೆಂಟ್ ಹುಲ್ಲು, ಸೌತ್‌ನ ಪೋವಾ ಹುಲ್ಲಿಗಿಂತ ಇದರ ಮೇಲೆ ಚೆಂಡು ನುಣ್ಣಗೆ ಓಡುತ್ತೆ. ಗ್ರೀನ್ ಮುಂದೆ ಜಾಗ ಇರೋದರಿಂದ ನನ್ನಂಥವನು ಚೆಂಡನ್ನು ಉರುಳಿಸಿಕೊಂಡೂ ಹೋಗಬಹುದು. ಒಂದೂ ಚೆಂಡು ಕಳೆಯಲಿಲ್ಲ, ಅಲ್ವಾ, ಅದೇ ದೊಡ್ಡದು.

ನನಗೆ ಅರವತ್ತು ದಾಟಿದೆ, ದಿನಾ ಬೆಳಿಗ್ಗೆ ಕರ್ನಾಟಕ ಕಾಲೇಜಿನ ಕಡೆ ಒಂದು ತಾಸು ನಡೀತೀನಿ, ಗಾಲ್ಫ್‌ನಲ್ಲೂ ಗಾಡಿ ಹತ್ತಲ್ಲ. ನಾರ್ತ್ ನಡೆದು ಮುಗಿಸಿ ಸಂಜೆ ಮೊಮ್ಮಗಳ ಜೊತೆ ಪಾರ್ಕಿಗೂ ಹೋದೆ. ಸೌತ್ ಆಡಿದ ದಿನ ರಾತ್ರಿ ಚಪಾತಿ ಹರಿಯೋಕೂ ಕೈ ಏಳಲಿಲ್ಲ.

ಗೆಳೆಯರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಡ್ರೈವ್, ಅಂದರೆ ಮೊದಲ ಉದ್ದ ಹೊಡೆತ, ಸೀದಾ ಹೋಗುತ್ತೆ. ಸೌತೇ ಆಡ್ತೀನಿ ಅಂತಿದ್ದಾರೆ. ಎರಡು ಡಜನ್ ಚೆಂಡು ಇಟ್ಕೊಳ್ಳಿ ಅಂದಿದ್ದೀನಿ.