ಎಂಜಿನ್‌ಗೆ ಮರುಳಾಗುವ ಮುಂಚೆ ಹಳಿ ನೋಡಿ: ಕಾಟೋ ಯೂನಿಟ್ರ್ಯಾಕ್ ಬಳಸಿದವಳ ವಿಮರ್ಶೆ

ಮಾದರಿ ರೈಲಿನ ಡಬ್ಬಿ ಬಿಚ್ಚಿದವರು ಯಾರೂ ಮೊದಲು ಹಳಿಗೆ ಕೈ ಹಾಕುವುದಿಲ್ಲ. ಎಂಜಿನ್ ತೆಗೆದು, ಹಿಂದೆ ಮುಂದೆ ತಿರುಗಿಸಿ, ದೀಪ ಎಲ್ಲಿ, ಮೋಟಾರ್ ಎಲ್ಲಿ ಅಂತ ಹುಡುಕುತ್ತಾರೆ. ವಿಮರ್ಶೆಗಳೂ ಹಾಗೇ. ಎಂಜಿನ್ ಬಗ್ಗೆ ಉದ್ದಕ್ಕೆ ಬರೆದು, ಕೊನೆಗೆ ‘ಹಳಿಯೂ ಪರವಾಗಿಲ್ಲ’ ಅಂತ ಒಂದು ಸಾಲು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಈ ಹವ್ಯಾಸ ಅಟ್ಟ ಸೇರುವುದು ಎಂಜಿನ್ ಕೆಟ್ಟಿದ್ದಕ್ಕಲ್ಲ, ಹಳಿ ಕೈಕೊಟ್ಟಿದ್ದಕ್ಕೆ. ಹಾಗಾಗಿ ಇಲ್ಲಿ ಹಳಿಗೇ ಹೆಚ್ಚು ಜಾಗ, ರೈಲಿಗೆ ಉಳಿದದ್ದು.

ಮೊದಲು ನನ್ನ ಪರಿಸ್ಥಿತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಗಳಿಕೆ ಯಾಕೆ ಅಂತ ಗೊತ್ತಾಗುವುದಿಲ್ಲ. ನಮ್ಮನೆಯಲ್ಲಿ ರೈಲಿಗೆ ಬೇರೆ ಕೋಣೆಯಿಲ್ಲ, ಕಾಯಂ ಮೇಜೂ ಇಲ್ಲ. ನಡುಮನೆಯ ನೆಲವೇ ನನ್ನ ಯಾರ್ಡು. ಹೊಲಿಗೆ ಮುಗಿಸಿ ಸಂಜೆ ಹಾಸಿದ್ದನ್ನು ಮಲಗುವ ಹೊತ್ತಿಗೆ ಎತ್ತಿಡಬೇಕು, ಇಲ್ಲದಿದ್ದರೆ ರಾತ್ರಿ ನೀರು ಕುಡಿಯಲು ಎದ್ದ ನಮ್ಮನೆಯವರು ತುಳಿಯುವುದು ಗ್ಯಾರಂಟಿ. ಅಂದರೆ ನನ್ನ ಹಳಿಯ ಪ್ರತಿ ಜಾಯಿಂಟೂ ಹಾಕಿದಷ್ಟೇ ಸಲ ಬಿಚ್ಚಿಸಿಕೊಳ್ಳುತ್ತದೆ. ಪ್ಲೈವುಡ್ ಹಲಗೆಗೆ ಮೊಳೆ ಹೊಡೆದು ಶಾಶ್ವತವಾಗಿ ಕೂರಿಸುವವರಿಗೆ ಈ ಕಾಟವಿಲ್ಲ.

ಇದಕ್ಕೂ ಮುಂಚೆ ನನ್ನ ಬಳಿ ಬೇರೊಂದು ಕಂಪನಿಯ, ಎಚ್‌ಒ ಅನ್ನುವ ದೊಡ್ಡ ಅಳತೆಯ ಸೆಟ್ ಇತ್ತು, ಹೆಸರು ಬೇಡ. ಎಂಜಿನ್ ಚಿನ್ನದಂಥದ್ದು. ಹಳಿ ಮಾತ್ರ ಬರಿಯ ಕಂಬಿ ಮತ್ತು ಅದರಡಿಯ ಅಡ್ಡಪಟ್ಟಿ, ಅಂದರೆ ಸ್ಲೀಪರ್. ಒಂದು ತುಂಡಿನ ತುದಿಯಲ್ಲಿರುವ ತೆಳ್ಳಗಿನ ಲೋಹದ ಕ್ಲಿಪ್ಪಿನೊಳಗೆ ಮುಂದಿನ ತುಂಡಿನ ಕಂಬಿಯನ್ನು ನೂಕಿ ಕೂರಿಸಬೇಕು. ಹೊಸದರಲ್ಲಿ ಬಿಗಿಯಾಗಿಯೇ ಇತ್ತು. ಹಾಕಿ ತೆಗೆದು ಮಾಡಿದ ಹಾಗೆಲ್ಲ ಕ್ಲಿಪ್ಪು ಬಾಯಿಬಿಡುತ್ತಾ ಹೋಯಿತು. ಇಕ್ಕಳದಲ್ಲಿ ಒತ್ತಿದರೆ ಎರಡು ದಿನ ಸರಿ, ಮತ್ತೆ ಅದೇ ಕಥೆ. ತಮ್ಮನ ಮಗ ಬಂದಾಗ ಅವನ ಕೈಗೆ ಕಂಟ್ರೋಲರ್ ಕೊಟ್ಟರೆ ಸಾಕು, ಆ ಕಡೆಯ ತಿರುವಿಗೆ ಹೋದ ರೈಲು ಅಲ್ಲೇ ಠಿಕಾಣಿ. “ಅತ್ತೇ, ಮತ್ತೆ ನಿಂತೋಯ್ತು!” ಬೆರಳಲ್ಲಿ ತಳ್ಳಿದರೆ ಒಂದು ಗೇಣು ಹೋಗಿ ಮತ್ತೆ ನಿಲ್ಲುತ್ತಿತ್ತು. ಕೊನೆಗೆ ಅವನು ಮೊಬೈಲ್ ಹಿಡಿದು ಮೂಲೆ ಸೇರಿದ. ಅವನನ್ನೇನೂ ಅನ್ನುವ ಹಾಗಿರಲಿಲ್ಲ.

ಯಾಕೆ ಹೀಗೆ ಅಂದರೆ, ಈ ರೈಲುಗಳಲ್ಲಿ ಕಂಬಿಯೇ ವಯರು. ಒಂದು ಕಂಬಿಯಲ್ಲಿ ಕರೆಂಟು ಬಂದು, ಚಕ್ರದ ಮೂಲಕ ಮೋಟಾರಿಗೆ ಹೋಗಿ, ಇನ್ನೊಂದು ಕಂಬಿಯಲ್ಲಿ ವಾಪಸು. ಪ್ರತಿ ಜಾಯಿಂಟಿನಲ್ಲೂ ಒಂಚೂರು ವೋಲ್ಟೇಜ್ ಸೋರಿದರೆ ಫೀಡರ್ (ಕರೆಂಟು ಹಳಿಗೆ ಸೇರುವ ತುಂಡು) ಹತ್ತಿರ ಓಡುವ ಎಂಜಿನ್, ದೂರದ ತುದಿಗೆ ಹೋಗುವಷ್ಟರಲ್ಲಿ ಏದುಸಿರು ಬಿಡುತ್ತದೆ. ಕೊಂಡವರು ಎಂಜಿನ್ ವೀಕು ಅಂದುಕೊಳ್ಳುತ್ತಾರೆ. ಎಂಜಿನ್‌ಗೆ ಊಟ ಸಿಗುತ್ತಿಲ್ಲ, ಅಷ್ಟೇ.

ಕಾಟೋ ಟೋಕಿಯೋದ ಮಾದರಿ ರೈಲು ಕಂಪನಿ, ಯೂನಿಟ್ರ್ಯಾಕ್ ಅನ್ನುವುದು ಅವರ ಹಳಿಯ ಹೆಸರು. 1965ರಲ್ಲಿ ಸಿ50 ಅನ್ನುವ ಸ್ಟೀಮ್ ಎಂಜಿನ್ ಮೂಲಕ ಜಪಾನಿಗೆ ಎನ್ ಗೇಜ್ ತಂದದ್ದು ಇವರೇ. ಎನ್ ಅಂದರೆ ಎರಡು ಕಂಬಿಗಳ ನಡುವೆ 9 ಮಿ.ಮೀ. ಎಚ್‌ಒದಲ್ಲಿ ಅದು 16.5 ಮಿ.ಮೀ. ನಡುಮನೆಯಲ್ಲಿ ಹಾಸುವವರಿಗೆ ಈ ವ್ಯತ್ಯಾಸವೇ ದೊಡ್ಡದು. ನಾನು ತರಿಸಿದ್ದು ಇ5 ಶಿಂಕಾನ್‌ಸೆನ್, ಅಂದರೆ ಜಪಾನಿನ ಬುಲೆಟ್ ರೈಲು ಇರುವ ಸ್ಟಾರ್ಟರ್ ಸೆಟ್: ರೈಲು, ಅಂಡಾಕಾರಕ್ಕೆ ಬೇಕಾದ ಹಳಿ, ಪವರ್ ಪ್ಯಾಕ್, ಬೋಗಿಗಳನ್ನು ಹಳಿಗೆ ಹತ್ತಿಸಲು ಒಂದು ಜಾರುಬಂಡೆ.

ಈಗ ಆ ಜಾಯಿಂಟು. ಹಳಿಯ ಕೆಳಗೆ ಜಲ್ಲಿಯ ರೂಪದ ಪ್ಲಾಸ್ಟಿಕ್ ಅಡಿಪಾಯ ಅಂಟಿಕೊಂಡೇ ಬರುತ್ತದೆ. ಅದರ ತುದಿಯಲ್ಲಿ, ಕಂಬಿಯ ಕೆಳಗೆ, ಯೂನಿಜಾಯ್ನರ್ ಅನ್ನುವ ಸಣ್ಣ ಪ್ಲಾಸ್ಟಿಕ್ ಗೂಡು ಕೂತಿರುತ್ತದೆ. ಲೋಹದ ಕ್ಲಿಪ್ಪು ಅದರೊಳಗಿದೆ. ಎರಡು ತುಂಡುಗಳನ್ನು ನೆಲದ ಮೇಲೆ ನೇರವಾಗಿ ಇಟ್ಟು ಎದುರುಬದುರು ನೂಕಿದರೆ ಟಿಚ್ ಬಟನ್ ಹಾಕಿದ ಹಾಗೆ ಸದ್ದು ಬರುತ್ತದೆ. ಆ ಸದ್ದು ಬಂತೋ, ಕೂತಿತು ಅಂತ ಅರ್ಥ. ಬರಲಿಲ್ಲವೋ, ಕೂತಿಲ್ಲ. ನಡುವೆ ಅನುಮಾನಕ್ಕೆ ಜಾಗವೇ ಇಲ್ಲ. ಎಳೆತ ತಾಳುವುದು ಪ್ಲಾಸ್ಟಿಕ್ಕಿನ ಕೆಲಸ, ಕರೆಂಟು ದಾಟಿಸುವುದು ಲೋಹದ ಕೆಲಸ. ಹಳೆಯ ಸೆಟ್ಟಿನಲ್ಲಿ ಎರಡನ್ನೂ ಆ ಬಡಪಾಯಿ ಕ್ಲಿಪ್ಪೇ ಮಾಡಬೇಕಿತ್ತು.

ಬೆರಳ ತುದಿಯಿಂದ ಜಾಯಿಂಟಿನ ಮೇಲೆ ಸವರಿ ನೋಡಿ, ಕಂಬಿ ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಅನ್ನುವುದು ಉಗುರಿಗೆ ಗೊತ್ತಾಗುತ್ತದೆ, ಚರ್ಮಕ್ಕೆ ಗೊತ್ತಾಗುವುದಿಲ್ಲ. ಬಿಚ್ಚುವಾಗ ಎಳೆಯಬೇಡಿ. ಜಾಯಿಂಟಿನ ಎರಡೂ ಕಡೆ ಹಿಡಿದು ಮೆಲ್ಲಗೆ ಬಾಗಿಸಿದರೆ ಬಿಟ್ಟುಕೊಳ್ಳುತ್ತದೆ. ಎಷ್ಟೋ ತಿಂಗಳ ಹಾಕಾಟ ತೆಗೆದಾಟದ ನಂತರವೂ ನನ್ನವು ಮೊದಲಿನ ಬಿಗಿಯಲ್ಲೇ ಇವೆ. ಮುಂದೊಂದು ದಿನ ಸಡಿಲಾದರೂ ಹಳಿ ಎಸೆಯಬೇಕಿಲ್ಲ, ಜಾಯ್ನರ್ ಬಿಡಿಯಾಗಿ ಸಿಗುತ್ತದೆ, ಕಿತ್ತು ಬೇರೆ ಹಾಕಬಹುದು. ಕರೆಂಟು ದಾಟದಂಥ ಇನ್ಸುಲೇಟೆಡ್ ಜಾಯ್ನರ್ ಕೂಡ ಇದೆ, ಹಳಿಯನ್ನು ಬೇರೆ ಬೇರೆ ವಿಭಾಗ ಮಾಡಿಕೊಳ್ಳುವವರಿಗೆ ಬೇಕಾಗುತ್ತದೆ.

ಎರಡನೆಯ ಗುಣ ಲೆಕ್ಕಾಚಾರದ್ದು. ಬಟ್ಟೆ ಕತ್ತರಿಸುವವಳಿಗೆ ಅಳತೆ ಸರಿಯಿದ್ದರೆ ಅರ್ಧ ನೆಮ್ಮದಿ. ಇಲ್ಲಿ ಮುಖ್ಯ ನೇರ ತುಂಡುಗಳು 62, 124, 186, 248 ಮಿ.ಮೀ., ಎಲ್ಲವೂ 62ರ ಮಗ್ಗಿ. ತಿರುವುಗಳ ತ್ರಿಜ್ಯ 216, 249, 282, 315, 348, 381, ಒಂದಕ್ಕೊಂದು 33 ಮಿ.ಮೀ. ಅಂತರ. ಜೋಡಿ ಹಳಿಗಳ ನಡುವಿನ ಅಂತರವೂ ಅದೇ 33. ಅಂದರೆ 315ರ ವೃತ್ತದ ಒಳಗೆ 282ರ ವೃತ್ತ ಇಟ್ಟರೆ ಸ್ಕೇಲ್ ಹಿಡಿಯದೆ ಜೋಡಿ ಮಾರ್ಗ ತಯಾರು. ಎಲ್ಲಾದರೂ ಲೆಕ್ಕ ತಪ್ಪಿ ಒಂದು ಬೆರಳಷ್ಟು ಸಂದಿ ಉಳಿದರೆ 78ರಿಂದ 108 ಮಿ.ಮೀ.ವರೆಗೆ ಹಿಗ್ಗುವ ತುಂಡೊಂದಿದೆ. ಅದನ್ನು ತಂದಿಟ್ಟುಕೊಂಡರೆ ಹಳಿಯನ್ನು ಬಲವಂತವಾಗಿ ಎಳೆದು ಕೂಡಿಸುವ ಆಸೆ ಹುಟ್ಟುವುದಿಲ್ಲ. ಹಾಗೆ ಎಳೆದು ಕೂಡಿಸಿದ ಜಾಗದಲ್ಲೇ ರೈಲು ಹಳಿ ತಪ್ಪುವುದು.

ಸೆಟ್ಟಿನಲ್ಲಿ ಬರುವ ತಿರುವು 315ರದ್ದು, ಎಂಟು ತುಂಡಿಗೆ ಒಂದು ಸುತ್ತು. ನೆಲದ ಮೇಲೆ ಮುಕ್ಕಾಲು ಮೀಟರ್ ಅಗಲ ಬಿಟ್ಟರೆ ಸಾಕು. ಇ5ನ ಬೋಗಿ 25 ಮೀಟರ್ ಉದ್ದದ್ದು, ಈ ಮಾದರಿಯ 1:160 ಅಳತೆಯಲ್ಲಿ (ಅಸಲಿಯ 160ನೇ ಒಂದು ಪಾಲು) ಸುಮಾರು ಹದಿನೈದೂವರೆ ಸೆಂ.ಮೀ. ಇದಕ್ಕಿಂತ ಕಿರಿದಾದ ತಿರುವಿನಲ್ಲಿ ಆ ಉದ್ದದ ಬೋಗಿ ನೋಡಲು ಚೆನ್ನಾಗಿರುವುದಿಲ್ಲ. ನಿಜ ಹೇಳಬೇಕೆಂದರೆ 315ರಲ್ಲೂ ಅದು ಆಟಿಕೆಯೇ. ಅಸಲಿ ಲೆಕ್ಕಕ್ಕೆ ಅದು 50 ಮೀಟರ್ ತ್ರಿಜ್ಯದ ತಿರುವು. 1964ರಲ್ಲಿ ಶುರುವಾದ ಟೋಕೈಡೊ ಶಿಂಕಾನ್‌ಸೆನ್ ಮಾರ್ಗವನ್ನು ಕಟ್ಟಿದ್ದು 2,500 ಮೀಟರ್ ತ್ರಿಜ್ಯದ ತಿರುವಿನ ಅಳತೆಯ ಮೇಲೆ. ಅದನ್ನು ನಿಯತ್ತಾಗಿ ಮಾದರಿ ಮಾಡಲು ಹೊರಟರೆ ತಿರುವಿನ ತ್ರಿಜ್ಯವೇ 15 ಮೀಟರ್ ದಾಟುತ್ತದೆ. ಬೀದಿಯನ್ನೇ ಬಾಡಿಗೆಗೆ ಹಿಡಿಯಬೇಕು.

ವೇಗದ್ದೂ ಒಂದು ಮಾತು. ಇ5 ಓಡುವುದು ಗಂಟೆಗೆ 320 ಕಿ.ಮೀ., 160ರಿಂದ ಭಾಗಿಸಿದರೆ ಸರಿಯಾಗಿ 2 ಕಿ.ಮೀ. ನಾವು ಹರಟುತ್ತಾ ನಡೆಯುವುದಕ್ಕಿಂತಲೂ ನಿಧಾನ. ಮಕ್ಕಳ ಕೈಗೆ ಕಂಟ್ರೋಲರ್ ಸಿಕ್ಕರೆ ಇದು ಯಾರಿಗೆ ಬೇಕು, ನಾಬು ಕೊನೆಯವರೆಗೂ ತಿರುಗುತ್ತದೆ. ಆದರೂ ಒಮ್ಮೆ ಮಾಡಿ ನೋಡಿ: 315ರ ವೃತ್ತದ ಒಂದು ಸುತ್ತು ಹತ್ತಿರಹತ್ತಿರ 2 ಮೀಟರ್, ಅದನ್ನು ಮೂರೂವರೆ ಸೆಕೆಂಡಿನಲ್ಲಿ ಮುಗಿಸುವ ಹಾಗೆ ನಾಬು ನಿಲ್ಲಿಸಿದರೆ ಅದೇ ಅದರ ಅಸಲಿ ವೇಗ. ಅದಕ್ಕಿಂತ ಹೆಚ್ಚು ಮಾಡಿದರೆ ವಿಮಾನ.

ರೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ ಅಂದಿದ್ದೆ, ಆದರೂ ಆ ಮೂತಿ! ಅಸಲಿಯಲ್ಲಿ 15 ಮೀಟರ್ ಉದ್ದದ ಮೂಗು, ಇಲ್ಲಿ ಒಂಬತ್ತು ಸೆಂ.ಮೀ.ಗೂ ಚೂರು ಹೆಚ್ಚು. ಹಸಿರು ಮತ್ತು ಬಿಳಿಯ ನಡುವೆ ಓಡುವ ಗುಲಾಬಿ ಗೆರೆ ಬೋಗಿಯಿಂದ ಬೋಗಿಗೆ ತಪ್ಪದೆ ಮುಂದುವರಿಯುತ್ತದೆ. ಹೊಲಿಗೆಯಲ್ಲಿ ಪಟ್ಟೆ ಕೂಡಿಸುವುದು ಎಂಥ ತಲೆನೋವು ಅಂತ ಗೊತ್ತಿರುವುದರಿಂದ ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ಮೋಟಾರ್ ಇರುವುದು ಮೂತಿಯ ಬೋಗಿಯಲ್ಲಲ್ಲ, ನಡುವಿನ ಒಂದರಲ್ಲಿ. ದಿಕ್ಕು ಬದಲಿಸಿದರೆ ಮುಂದಿನ ಬಿಳಿ ದೀಪ ಕೆಂಪಾಗಿ, ಹಿಂದಿನ ಕೆಂಪು ಬಿಳಿಯಾಗುತ್ತದೆ.

ಪವರ್ ಪ್ಯಾಕ್‌ನಲ್ಲಿ ಒಂದು ನಾಬು, ದಿಕ್ಕಿಗೊಂದು ಲಿವರ್, ಅಷ್ಟೇ. ಲಿವರ್ ನಡುವೆ ನಿಂತರೆ ಆಫ್. ಕೊಡುವುದು 12 ವೋಲ್ಟ್ ಡಿಸಿ. ನೀಲಿ ಬಿಳಿ ವಯರಿನ ಪ್ಲಗ್ಗು 62 ಮಿ.ಮೀ. ಫೀಡರ್ ಹಳಿಗೆ ಹೋಗುತ್ತದೆ. ಸ್ಕ್ರೂ ಡ್ರೈವರ್ ಬೇಡ, ಬೆಸುಗೆ ಬೇಡ. ದಾರಿ ಬದಲಿಸುವ ಪಾಯಿಂಟ್ ಹಳಿ ಕೊಂಡಾಗ ಅದರ ಕೆಂಪು ಕಪ್ಪು ವಯರಿಗೆ ಒಂದು ನೀಲಿ ಸ್ವಿಚ್ಚು, ಅದು ಪ್ಯಾಕಿನ ಪಕ್ಕಕ್ಕೆ ಸಿಕ್ಕಿಸಿಕೊಳ್ಳುತ್ತದೆ. ಪಾಯಿಂಟ್ ತಿರುಗಿಸುವ ಯಂತ್ರ ಹೊರಗೆ ಎಲ್ಲೂ ಕಾಣುವುದಿಲ್ಲ, ಜಲ್ಲಿಯೊಳಗೇ ಅಡಗಿದೆ. ನೆಲದಲ್ಲಿ ಹಾಸುವವರಿಗೆ ಇದು ದೊಡ್ಡ ಉಪಕಾರ.

ಪಾಯಿಂಟ್‌ನಲ್ಲಿ ಎರಡು ಬಗೆ, 4ನೇ ನಂಬರ್ ಮತ್ತು 6ನೇ ನಂಬರ್. 4ರ ತಿರುವು 481 ಮಿ.ಮೀ. ತ್ರಿಜ್ಯದ್ದು, 6ರದ್ದು 718. ಜಾಗ ಇದ್ದರೆ ಕಣ್ಣುಮುಚ್ಚಿ 6 ತಗೊಳ್ಳಿ. ಉದ್ದನೆಯ ಬೋಗಿಗಳು ಅದರ ಮೇಲೆ ಹಾಯುವುದನ್ನು ನೋಡಿದರೆ ಯಾಕೆಂದು ತಿಳಿಯುತ್ತದೆ. 6ರಲ್ಲಿ ಇನ್ನೊಂದು ಸೌಕರ್ಯ: ಪಾಯಿಂಟ್ ಯಾವ ದಾರಿಗೆ ತಿರುಗಿದೆಯೋ ಆ ದಾರಿಗೆ ಮಾತ್ರ ಕರೆಂಟು. ಪಕ್ಕದ ಹಳಿಯಲ್ಲಿ ನಿಲ್ಲಿಸಿದ ರೈಲು ತೆಪ್ಪಗಿರುತ್ತದೆ, ಇನ್ನೊಂದನ್ನು ಓಡಿಸಬಹುದು. 4ರಲ್ಲೂ ಇದು ಬೇಕೋ ಬೇಡವೋ ಅನ್ನುವುದನ್ನು ಕೆಳಭಾಗದ ಸ್ಕ್ರೂ ಬದಲಿಸಿ ಆರಿಸಿಕೊಳ್ಳಬಹುದು.

ಒಪ್ಪಿಗೆಯಾಗದ್ದು? ಇದೆ. ಅಡಿಪಾಯ ಟೊಳ್ಳು, ಬರಿ ನೆಲದ ಮೇಲೆ ಓಡಿಸಿದರೆ ಗರಗರ ಸದ್ದು ಇಡೀ ಮನೆಗೆ. ನಾನು ಕೆಳಗೆ ದಪ್ಪ ಫೆಲ್ಟ್ ಬಟ್ಟೆ ಹಾಸುತ್ತೇನೆ, ಸದ್ದು ಅರ್ಧಕ್ಕಿಳಿಯುತ್ತದೆ, ಧೂಳೂ ಕಡಿಮೆ. ಜಲ್ಲಿಯ ಬಣ್ಣ ಎಲ್ಲ ಕಡೆ ಒಂದೇ ಬೂದು. ನಿಜವಾದ ಹಳಿಯ ನಡುವೆ ಇರುವ ತುಕ್ಕಿನ ಕಂದು, ಎಣ್ಣೆಯ ಕಪ್ಪು ಏನೂ ಇಲ್ಲ. ಬಣ್ಣ ಹಚ್ಚುವ ತಾಳ್ಮೆ ಇದ್ದವರು ಹಚ್ಚಿಕೊಳ್ಳುತ್ತಾರೆ. ಕಂಬಿಯ ಎತ್ತರವೂ ಅತಿಯಾಯಿತು. ಹವ್ಯಾಸಿಗಳ ಮಾತಿನಲ್ಲಿ ಕೋಡ್ 80, ಅಂದರೆ 0.080 ಇಂಚು, ಎರಡು ಮಿ.ಮೀ.ಗೆ ಚೂರು ಹೆಚ್ಚು. 160ರಿಂದ ಗುಣಿಸಿದರೆ 32 ಸೆಂ.ಮೀ. ಎತ್ತರದ ಕಂಬಿ, ಅಸಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಮಂಡಿಯೂರಿ ಕಣ್ಣು ನೆಲದ ಮಟ್ಟಕ್ಕೆ ತಂದು ನೋಡಿದಾಗ ಎದ್ದು ಕಾಣುತ್ತದೆ, ಎದ್ದು ನಿಂತರೆ ಮರೆಯುತ್ತದೆ. ನನ್ನ ಮಂಡಿಗೆ ಈಗ ಎದ್ದು ನಿಲ್ಲುವುದೇ ಇಷ್ಟ.

ಇನ್ನು ಕೊಳೆ. ಕಂಬಿ ನಿಕಲ್ ಸಿಲ್ವರ್, ತಾಮ್ರ ನಿಕಲ್ ಸತುವಿನ ಮಿಶ್ರಲೋಹ, ಹಿತ್ತಾಳೆಯಷ್ಟು ಬೇಗ ಮಂಕಾಗುವುದಿಲ್ಲ. ಆದರೆ ನೆಲದಲ್ಲಿ ಓಡಿಸಿದಮೇಲೆ ಧೂಳು, ಕೂದಲು, ನನ್ನ ಮನೆಯಲ್ಲಾದರೆ ದಾರದ ತುಣುಕು, ಎಲ್ಲ ಚಕ್ರಕ್ಕೆ ಸುತ್ತಿಕೊಳ್ಳುತ್ತವೆ. ಮರಳುಕಾಗದ ಮಾತ್ರ ಮುಟ್ಟಿಸಬೇಡಿ, ಗೀರಿನೊಳಗೆ ಕೊಳೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಕಂಬಿ ಒರೆಸಿದರೆ ಸಾಕು. ಚಕ್ರಕ್ಕೆ ಒಂದು ಉಪಾಯವಿದೆ. ಹಳಿಯ ಮೇಲೆ ಅಡ್ಡಲಾಗಿ ಟಿಶ್ಯೂ ಪೇಪರ್ ಹಾಸಿ, ಎರಡು ಹನಿ ಆಲ್ಕೋಹಾಲ್ ಹಾಕಿ, ಮೋಟಾರ್ ಬೋಗಿಯ ಒಂದು ತುದಿಯ ಚಕ್ರಗಳನ್ನು ಪೇಪರಿನ ಮೇಲೂ ಇನ್ನೊಂದು ತುದಿಯವನ್ನು ಬರಿ ಕಂಬಿಯ ಮೇಲೂ ಇಟ್ಟು, ಬೋಗಿಯನ್ನು ಕೈಯಲ್ಲಿ ಹಿಡಿದು ನಾಬು ತಿರುಗಿಸಿ. ಕಂಬಿಯ ಕಡೆಯಿಂದ ಕರೆಂಟು ಬಂದು ಪೇಪರಿನ ಮೇಲಿನ ಚಕ್ರ ಉಜ್ಜಿಕೊಳ್ಳುತ್ತಾ ತಿರುಗುತ್ತದೆ. ಪೇಪರಿನ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಆಮೇಲೆ ಬೋಗಿ ತಿರುಗಿಸಿ ಇನ್ನೊಂದು ತುದಿ. ರಬ್ಬರ್ ಟೈರಿರುವ ಚಕ್ರವನ್ನು ಹೆಚ್ಚು ನೆನೆಸಬೇಡಿ.

ಟೊಮಿಕ್ಸ್‌ನ ಫೈನ್ ಟ್ರ್ಯಾಕ್ ತಗೊಳ್ಳಲೇ ಅಂತ ಕೇಳುವವರಿದ್ದಾರೆ. ಅದೂ ಜಪಾನಿನದೇ, ಅದೂ 9 ಮಿ.ಮೀ., ಅದಕ್ಕೂ ಜಲ್ಲಿಯ ಅಡಿಪಾಯ ಇದೆ. ಆದರೆ ಅವರ ಜೋಡಿ ಹಳಿಯ ಅಂತರ 37 ಮಿ.ಮೀ., ನೇರ ತುಂಡು 140 ಮತ್ತು 280ರ ಲೆಕ್ಕದ್ದು. ಎರಡರಲ್ಲಿ ಯಾವುದಾದರೂ ಸರಿ, ಒಂದನ್ನೇ ಹಿಡಿದುಕೊಳ್ಳಿ. ಅರ್ಧ ಅದು ಅರ್ಧ ಇದು ಸೇರಿಸಿದರೆ ಜಾಯಿಂಟೂ ಕೂಡುವುದಿಲ್ಲ, ಅಳತೆಯೂ ಕೂಡುವುದಿಲ್ಲ. ಅಡಿಪಾಯವಿಲ್ಲದ ಮಾಮೂಲಿ ಹಳಿ ಈಗಾಗಲೇ ಮನೆಯಲ್ಲಿದ್ದರೆ ಅದಕ್ಕೂ ಯೂನಿಟ್ರ್ಯಾಕಿಗೂ ನಡುವೆ ಹಾಕಲು ಕಾಟೋದವರೇ 62 ಮಿ.ಮೀ. ಪರಿವರ್ತನೆಯ ತುಂಡು ಮಾಡುತ್ತಾರೆ.

ಹಲಗೆ ಹೊಡೆದು, ಗುಡ್ಡ ಕಟ್ಟಿ, ಒಂದೊಂದು ಸ್ಲೀಪರಿಗೂ ಬಣ್ಣ ಕೊಡುವ ಉದ್ದೇಶ ಇರುವವರಿಗೆ ಇದು ಬೇಡ. ಬೇಕಾದ ಹಾಗೆ ಬಾಗುವ ಫ್ಲೆಕ್ಸ್ ಹಳಿ, ಅದರಲ್ಲೂ ಪೆಕೋ ಕಂಪನಿಯ ಕೋಡ್ 55, ಅವರಿಗೆ ಹೇಳಿಮಾಡಿಸಿದ್ದು. ನನ್ನಂತೆ ದಿನವೂ ಹಾಸಿ ಎತ್ತಿಡುವವರು ಸ್ಟಾರ್ಟರ್ ಸೆಟ್ ತಂದು, ಎರಡನೆಯ ಎಂಜಿನ್‌ಗೆ ಆಸೆಪಡುವ ಮುಂಚೆ ಒಂದು ಜೊತೆ 6ನೇ ನಂಬರ್ ಪಾಯಿಂಟ್, ಆ ಹಿಗ್ಗುವ ತುಂಡು, ಮತ್ತು ದೂರದ ತಿರುವಿಗೆ ಹಾಕಲು ಇನ್ನೊಂದು ಫೀಡರ್ ತಂದುಕೊಳ್ಳಿ.