ಟಿಎಂಎನ್‌ಟಿ ಸ್ಪ್ಲಿಂಟರ್ಡ್ ಫೇಟ್: ಜೊತೆಲಿ ಕೂತು ಆಡಿದ್ರೆ ಬೇರೆ ಗೇಮೇ ಆಗ್ಬಿಡತ್ತೆ

ಮೊದಲನೇ ದಿನ ನಾನು ನನ್ನ ತಮ್ಮ ಇಬ್ರೂ ಈ ವಿಡಿಯೋ ಗೇಮಿನ ಮೊದಲ ಬಾಸ್, ಅಂದ್ರೆ ಒಂದು ಭಾಗದ ಕೊನೇಲಿ ಬರೋ ದೊಡ್ಡ ಶತ್ರು, ಒಂದು ಮೊಸಳೆ, ಅದರ ಹತ್ರಾನೇ ಆರು ಸಲ ಸತ್ವಿ. ಅಮ್ಮ ಅಲ್ಲೇ ಸೊಪ್ಪು ಬಿಡಿಸ್ತಾ ಕೂತಿದ್ರು, ಆರನೇ ಸಲಕ್ಕೆ ಅವರಿಗೇ ತಡಿಯಕ್ಕಾಗ್ಲಿಲ್ಲ, "ಅಲ್ಲ ಕಣ್ರೋ, ಎಷ್ಟು ಸಲ ಅದೇ ಮೊಸಳೆ ಹೊಡಿತೀರ, ಮುಂದಕ್ಕೆ ಹೋಗಲ್ವಾ ಇದು" ಅಂದ್ರು. ನಾನು ಚೌಕಾಬಾರ ತಗೊಂಡೇ ಹೇಳ್ದೆ, ಅಮ್ಮ ನಮ್ ಕಾಯಿ ಹೊಡೆದಾಕಿದ್ರೆ ಮತ್ತೆ ಮನೆಯಿಂದ ಶುರು ಮಾಡ್ಬೇಕಲ್ವಾ ಹಂಗೇ ಇದು, ಆದ್ರೆ ಇಲ್ಲಿ ಏನಂದ್ರೆ ಮನೆಗೆ ವಾಪಸ್ ಬರುವಾಗ ಬರಿಗೈಲಿ ಬರಲ್ಲ, ಒಂದಿಷ್ಟು ನಾಣ್ಯ ತಂದಿರ್ತೀವಿ, ಅದರಲ್ಲಿ ನಮ್ ಕಾಯಿನ ಇನ್ನೂ ಸ್ವಲ್ಪ ಗಟ್ಟಿ ಮಾಡ್ಕೊಂಡು ಮತ್ತೆ ಹೊರಡ್ತೀವಿ. ಅಮ್ಮಂಗೆ ತಕ್ಷಣ ಅರ್ಥ ಆಯ್ತು. ಇಂಥ ಗೇಮಿಗೆ ರೋಗ್‌ಲೈಕ್ ಅಂತಾರೆ, ಹಂಗಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ಈಗ್ಲೂ ಇದನ್ನೇ ಹೇಳ್ತೀನಿ. 1980ರಲ್ಲಿ ಬಂದ ರೋಗ್ ಅನ್ನೋ ಗೇಮಿಂದ ಆ ಹೆಸರು ಬಂದಿದ್ದು, ಪ್ರತಿ ಸಲ ದಾರಿ ಬದಲಾಗತ್ತೆ, ಸತ್ರೆ ಮೊದಲಿಂದ. ನಾಣ್ಯ ಮನೆಗೆ ತಂದು ಗಟ್ಟಿಯಾಗೋದೆಲ್ಲ ಆಮೇಲೆ ಬಂದ ಗೇಮ್‌ಗಳು ಸೇರಿಸಿದ್ದು.

ಸರಿ ಈಗ ಗೇಮಿನ ವಿಷ್ಯ. ಪೂರ್ತಿ ಹೆಸರು ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್: ಸ್ಪ್ಲಿಂಟರ್ಡ್ ಫೇಟ್, ಮಾಡಿರೋದು ಸೂಪರ್ ಈವಿಲ್ ಮೆಗಾಕಾರ್ಪ್ ಅನ್ನೋ ಕಂಪನಿ, ಹಿಂದೆ ಮೊಬೈಲ್‌ಗೆ ವೇನ್‌ಗ್ಲೋರಿ ಮಾಡಿದ್ರಲ್ಲ ಅವ್ರೇ. 2023ರಲ್ಲಿ ಆ್ಯಪಲ್ ಆರ್ಕೇಡ್ ಅನ್ನೋ ಆ್ಯಪಲ್‌ನವರ ಚಂದಾ ಗೇಮ್ ಸೇವೆಯಲ್ಲಿ ಮಾತ್ರ ಬಂದಿತ್ತು, 2024ರಲ್ಲಿ ನಿಂಟೆಂಡೊ ಸ್ವಿಚ್ ಅನ್ನೋ ಗೇಮ್ ಮಷೀನ್‌ಗೂ ಆಮೇಲೆ ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ಗೂ ಬಂತು. ನಾವು ಆಡ್ತಿರೋದು ಸ್ಟೀಮ್‌ನಲ್ಲಿ, ಹಳೇ ಲ್ಯಾಪ್‌ಟಾಪ್‌ನ ಟೀವಿಗೆ ಹಾಕ್ಕೊಂಡು. ಮೊದಲು ಫೋನಿಗೆ ಅಂತ ಮಾಡಿದ ಗೇಮ್ ಆಗಿರೋದ್ರಿಂದ ನಮ್ ಲ್ಯಾಪ್‌ಟಾಪ್‌ಗೆ ಏನೂ ಕಷ್ಟ ಆಗ್ಲಿಲ್ಲ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಲ್ದೇ ಇರೋರು ಧೈರ್ಯವಾಗಿ ನೋಡಬಹುದು.

ಕತೆ ಸಿಂಪಲ್ಲು. ಮನುಷ್ಯರ ಥರ ಓಡಾಡೋ ನಾಲ್ಕು ನಿಂಜಾ ಆಮೆಗಳೇ ಹೀರೋಗಳು. ಸ್ಪ್ಲಿಂಟರ್ ಅಂದ್ರೆ ಈ ಆಮೆಗಳ ಅಪ್ಪ, ಗುರು, ಎಲ್ಲಾ ಅವನೇ, ಇಲಿ ರೂಪದಲ್ಲಿರೋನು. ಅವನು ಕಾಣೆಯಾಗಿದಾನೆ, ಫುಟ್ ಕ್ಲಾನ್ ಅನ್ನೋ ನಿಂಜಾ ಶತ್ರುಗಳ ಗುಂಪಿನ ಕೈವಾಡ. ಹುಡುಕ್ಕೊಂಡು ಮಕ್ಕಳು ಹೊರಡ್ತಾರೆ. ನ್ಯೂಯಾರ್ಕ್ ನೆಲದಡಿಯ ಚರಂಡಿಯಿಂದ ಶುರು, ಅಲ್ಲಿ ಕೊನೇಲಿ ಲೆದರ್‌ಹೆಡ್ ಅನ್ನೋ ಆ ಮೊಸಳೆ, ಆಮೇಲೆ ಹಡಗುಕಟ್ಟೆ ಕಡೆ ಕರಾಯ್, ಆಮೇಲೆ ಬೀದಿಗೆ ಬಂದ್ರೆ ಬೀಬಾಪ್ ರಾಕ್‌ಸ್ಟೆಡಿ ಇಬ್ರೂ ಒಟ್ಟಿಗೆ, ಕೊನೆಗೆ ಕಟ್ಟಡಗಳ ತಾರಸಿ ಮೇಲೆ ಆ ಗುಂಪಿನ ನಾಯಕ ಶ್ರೆಡರ್. ಈ ಕಾರ್ಟೂನ್ ನೋಡ್ಕೊಂಡು ಬೆಳೆದೋರಿಗೆ ಹೆಸರು ಕೇಳಿದ್ರೇ ಖುಷಿ ಆಗತ್ತೆ. ಗೊತ್ತಿಲ್ದೇ ಇರೋರಿಗೆ ಒಂದು ಮಾತು, 1984ರಲ್ಲಿ ಕೆವಿನ್ ಈಸ್ಟ್‌ಮನ್ ಪೀಟರ್ ಲೇರ್ಡ್ ಅನ್ನೋ ಇಬ್ರು ಕಪ್ಪು ಬಿಳುಪಲ್ಲಿ ತಾವೇ ಅಚ್ಚು ಹಾಕಿಸಿದ ಒಂದು ಕಾಮಿಕ್ಸಿಂದ ಶುರುವಾಗಿದ್ದು ಇದು, 1987ರಲ್ಲಿ ಕಾರ್ಟೂನ್ ಆದ್ಮೇಲೆ ಪ್ರಪಂಚಕ್ಕೆಲ್ಲ ಹಬ್ಬಿದ್ದು. 1989ರಲ್ಲಿ ಕೊನಾಮಿಯವರು ಆರ್ಕೇಡ್ ಮಷೀನ್ ಮಾಡಿದ್ರು, ನಾಲ್ಕು ಜನ ಒಂದೇ ಮಷೀನ್ ಮುಂದೆ ನಿಂತ್ಕೊಂಡು ಆಡೋದು. ಅಂದ್ರೆ ಈ ಆಮೆಗಳು ಅಂದ್ರೇನೇ ನಾಲ್ಕು ಜನ ಸೇರಿ ಆಡೋ ಗೇಮು ಅನ್ನೋದು ಆಗಿಂದ ಬಂದಿದ್ದು, ಅದನ್ನ ರೋಗ್‌ಲೈಕ್‌ಗೆ ತಂದಿರೋದೇ ಈ ಗೇಮಿನ ಜೀವ ಅಂತ ನನಗನ್ಸತ್ತೆ.

ಹೇಡಿಸ್ ಅನ್ನೋ ಇನ್ನೊಂದು ಹೆಸರಾಂತ ರೋಗ್‌ಲೈಕ್ ಆಡಿದೋರಿಗೆ ಐದೇ ನಿಮಿಷದಲ್ಲಿ ಗೊತ್ತಾಗ್ಬಿಡತ್ತೆ, ಇದರ ಚೌಕಟ್ಟು ಪೂರ್ತಿ ಅಲ್ಲಿಂದ ಬಂದಿದ್ದು. ಮೇಲಿಂದ ಓರೆಯಾಗಿ ನೋಡೋ ಕ್ಯಾಮೆರಾ, ಒಂದು ರೂಮಲ್ಲಿ ಎಲ್ರನ್ನೂ ಹೊಡೆದ್ರೆ ಒಂದು ಪವರ್, ಮುಂದಿನ ಬಾಗಿಲ ಮೇಲೆ ಅಲ್ಲಿ ಏನು ಸಿಗತ್ತೆ ಅಂತ ಚಿತ್ರ, ಸತ್ರೆ ಮನೆಗೆ ವಾಪಸ್, ಮನೇಲಿ ಎಲ್ರ ಜೊತೆ ಮಾತು. ಇದನ್ನ ಮುಚ್ಚಿಡೋ ಅಂಥದ್ದೇನಿಲ್ಲ. ನಾನು ಹೇಡಿಸ್ ತುಂಬಾ ಆಡಿದೀನಿ, ಒಬ್ರೇ ಕೂತು ಆಡೋದಾದ್ರೆ ಅದೇ ಇದಕ್ಕಿಂತ ಒಳ್ಳೆ ಗೇಮು, ಅದರ ಮಾತು, ಕತೆ ಬಿಚ್ಕೊಳ್ಳೋ ರೀತಿ, ಆಯುಧಗಳ ವೈವಿಧ್ಯ ಯಾವ್ದಕ್ಕೂ ಇದು ಸಮ ಬರಲ್ಲ. ಆದ್ರೆ ಹೇಡಿಸ್‌ನಲ್ಲಿ ನನ್ ತಮ್ಮ ಪಕ್ಕದಲ್ಲಿ ಕೂತು ಸುಮ್ನೆ ನೋಡ್ಬೇಕಾಗಿತ್ತು, ಇಲ್ಲಿ ಅವನ ಕೈಲೂ ಒಂದು ಕಂಟ್ರೋಲರ್ ಇದೆ. ಇಡೀ ವ್ಯತ್ಯಾಸ ಇದೊಂದೇ, ಮತ್ತೆ ಇದೊಂದೇ ಸಾಕು ಕೂಡ.

ಯಾಕೆ ಸಾಕು ಅಂತ ಹೇಳ್ತೀನಿ. ಒಬ್ರೇ ಆಡುವಾಗ ಬಾಗಿಲು ಆರಿಸೋದು ಒಂದು ಸೆಕೆಂಡಿನ ಕೆಲ್ಸ, ನಂಗೇನು ಬೇಕೋ ಅದು. ಜೊತೆಲಿ ಆಡುವಾಗ ಎಲ್ರೂ ಒಂದೇ ಬಾಗಿಲಲ್ಲಿ ಹೋಗ್ಬೇಕು. ತಮ್ಮಂಗೆ ಬೆಂಕಿ ಪವರ್ ಬೇಕು, ನಂಗೆ ಪ್ರಾಣ ಕಮ್ಮಿ ಇದೆ, ಚಿಕ್ಕಪ್ಪನ ಮಗಳು ಬಂದಿದ್ರೆ ಅವಳಿಗೆ ಅಂಗಡಿಗೆ ಹೋಗ್ಬೇಕು ಯಾಕಂದ್ರೆ ಸ್ಕ್ರ್ಯಾಪ್, ಅಂದ್ರೆ ಆ ಅಂಗಡೀಲಿ ನಡೆಯೋ ದುಡ್ಡು, ಕೂಡಿಟ್ಟಿದಾಳೆ. ಅಲ್ಲಿ ಬಾಗಿಲ ಮುಂದೆ ನಿಂತ್ಕೊಂಡು ಮಾತಾಡ್ತೀವಲ್ಲ, "ಅಕ್ಕ ಈ ಒಂದ್ಸಲ ನನ್ ಮಾತು ಕೇಳು, ಬೆಂಕಿ ಸಿಕ್ರೆ ಮುಂದಿನ್ ಬಾಸ್‌ನ ನಾನು ನೋಡ್ಕೋತೀನಿ" ಅಂತ ಅವನು ಬೇಡ್ಕೊಳೋದು, ನಾವು ಒಪ್ಪೋದು, ಆಮೇಲೆ ಅವನು ನಿಜವಾಗ್ಲೂ ಹೇಳಿದಂಗೇ ಬಾಸ್‌ನ ಸುಟ್ಟಾಕೋದು, ಗೇಮ್ ನಂಗೆ ಹಿಡಿಸಿದ್ದೇ ಅಲ್ಲಿ. ಎಷ್ಟೋ ಸಲ ಹೊಡೆದಾಟಕ್ಕಿಂತ ಆ ಮಾತೇ ಜಾಸ್ತಿ ಹೊತ್ತು ಆಗತ್ತೆ.

ನಾಲ್ಕು ಜನ ಆಮೆಗಳೂ ಕೈಗೆ ಬೇರೆ ಬೇರೆ ಥರ ಅನ್ಸತ್ತೆ, ಇದನ್ನ ಚೆನ್ನಾಗಿ ಮಾಡಿದಾರೆ. ಲಿಯೊನಾರ್ಡೊ ಎರಡು ಕತ್ತಿ, ಹೊಸಬರು ಇವನಿಂದ ಶುರು ಮಾಡಿ, ಎಲ್ಲಾದ್ರಲ್ಲೂ ಸಮ ಇದಾನೆ. ರಾಫೆಲ್ ಕೈಲಿ ಸಾಯ್ ಅಂದ್ರೆ ಚಿಕ್ಕ ತ್ರಿಶೂಲದ ಥರ ಇರತ್ತಲ್ಲ ಅದು, ಹತ್ರ ನುಗ್ಗಿ ಹೊಡೀಬೇಕು, ಏಟೂ ತಿಂತೀವಿ ಕೊಡೋದೂ ಜೋರು, ಕ್ರಿಟಿಕಲ್ ಏಟು ಅಂದ್ರೆ ಆಗಾಗ ಮಾಮೂಲಿಗಿಂತ ಜೋರಾಗಿ ಬೀಳೋ ಏಟು, ಅದನ್ನ ಹೆಚ್ಚಿಸೋ ಪವರ್ ಸಿಕ್ಬಿಟ್ರೆ ಇವನ ಮುಂದೆ ಯಾರೂ ನಿಲ್ಲಲ್ಲ. ಮೈಕಲ್ಯಾಂಜೆಲೊ ನಂಚಕ್ ತಿರುಗಿಸೋ ಸ್ಪೀಡಿಗೆ ಒಂದು ಕಡೆ ಬಟನ್ ಒತ್ತಿದ್ರೆ ಏಟಿನ ಮೇಲೆ ಏಟು ಬೀಳ್ತಾನೇ ಇರತ್ತೆ. ಡೊನಾಟೆಲೊ ಉದ್ದ ಕೋಲು, ದೂರದಿಂದ್ಲೇ ಮುಟ್ಟತ್ತೆ, ನಾನು ಯಾವಾಗ್ಲೂ ಇವನೇ. ನನ್ ತಮ್ಮ ರಾಫೆಲ್ ಬಿಟ್ಟು ಬೇರೆ ಯಾರನ್ನೂ ಮುಟ್ಟಲ್ಲ. ಚಿಕ್ಕಪ್ಪನ ಮಗಳಿಗೆ ಹತ್ತು ವರ್ಷ, ಅವಳು ಮೈಕಿ ಅಂದ್ರೆ ಮೈಕಲ್ಯಾಂಜೆಲೊ, ಯಾಕಂದ್ರೆ ಅವನು ಪಿಜ್ಜಾ ಬಗ್ಗೆ ಜಾಸ್ತಿ ಮಾತಾಡ್ತಾನೆ ಅಂತ.

ಆ ಹುಡುಗಿ ವಿಷ್ಯಕ್ಕೆ ಬಂದ್ರೆ ಒಂದು ಹೇಳ್ಲೇಬೇಕು. ಪವರ್ ಆರಿಸೋವಾಗ ಮೂರು ಕಾರ್ಡ್ ಬರತ್ತೆ, ಅದರಲ್ಲಿ ಸಣ್ಣ ಅಕ್ಷರದಲ್ಲಿ ಇಂಗ್ಲಿಷಲ್ಲಿ ಬರೆದಿರತ್ತೆ, ಇಷ್ಟು ಪರ್ಸೆಂಟ್ ಇದು, ಇಷ್ಟು ಸೆಕೆಂಡ್ ಅದು ಅಂತ. ಟೀವಿಯಿಂದ ಏಳೆಂಟು ಅಡಿ ದೂರ ಕೂತ್ರೆ ನಂಗೇ ಓದಕ್ಕೆ ಕಷ್ಟ, ಹತ್ತು ವರ್ಷದ ಕನ್ನಡ ಮೀಡಿಯಂ ಹುಡುಗಿ ಏನು ಮಾಡ್ಬೇಕು. ಮೊದಲ ಎರಡು ದಿನ ಅವಳು ಕಾರ್ಡಿನ ಬಣ್ಣ ನೋಡಿ ಏನೋ ಒಂದು ಒತ್ತುತಿದ್ಲು. ಆಮೇಲೆ ನಾನು ಪ್ರತಿ ಕಾರ್ಡ್ ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಕ್ಕೆ ಶುರು ಮಾಡ್ದೆ, ಊಜ್ ಅಂದ್ರೆ ಇವರನ್ನ ಮಾಮೂಲಿ ಆಮೆಯಿಂದ ಈ ರೂಪಕ್ಕೆ ತಂದ ಆ ಹಸಿರು ದ್ರವ, ಅದಕ್ಕೆ ನಾವು ಲೋಳೆ ಅಂತ ಹೆಸರಿಟ್ವಿ, ಫ್ಲೇಮ್ ಬೆಂಕಿ, ವಾಟರ್ ನೀರು, ಡ್ಯಾಶ್ ಹೊಡಿ ಅನ್ನೋ ಬದ್ಲು ಜಾರ್ಕೋ. ಒಂದು ವಾರದಲ್ಲಿ ಅವಳೇ "ಅಕ್ಕ ನೀನು ಲೋಳೆ ತಗೋ, ನಾನು ಆಗ್ಲೇ ನೀರು ತಗೊಂಡಿದೀನಿ, ಇಬ್ರದ್ದೂ ಬೇರೆ ಬೇರೆ ಇರ್ಲಿ" ಅಂತ ಪ್ಲಾನ್ ಹೇಳೋ ಮಟ್ಟಕ್ಕೆ ಬಂದ್ಲು. ಮಗು ತಲೆ ಎಷ್ಟು ಚುರುಕು ಅಂತ ನಂಗೆ ಆವತ್ತು ಗೊತ್ತಾಯ್ತು. ಇಂಥ ಗೇಮಲ್ಲಿ ಕಷ್ಟದ್ದು ಅಂದ್ರೆ ಆ ಕಾರ್ಡ್‌ಗಳೇ, ಅದು ನಮ್ ಭಾಷೇಲಿದ್ರೆ ಎಷ್ಟು ಮಕ್ಕಳು ಆಡ್ತಿದ್ರು ಅನ್ನೋ ಆಸೆ ನಂಗೆ ನಿಜವಾಗ್ಲೂ ಇದೆ. ಕೊನೇಪಕ್ಷ ಅಕ್ಷರ ಆದ್ರೂ ದೊಡ್ಡದು ಮಾಡ್ಬೇಕಿತ್ತು, ಫೋನಿಂದ ಟೀವಿಗೆ ತರುವಾಗ ಅಷ್ಟು ಯೋಚ್ನೆ ಮಾಡಿಲ್ಲ.

ಮೊದಲ ಮೂರ್ನಾಲ್ಕು ಗಂಟೆ ತಾಳ್ಮೆ ಬೇಕು ಅನ್ನೋದನ್ನೂ ಹೇಳ್ಬಿಡ್ತೀನಿ. ಶುರುನಲ್ಲಿ ನಮ್ ಏಟಿಗೆ ಬಲ ಇಲ್ಲ, ಶತ್ರುಗಳು ಸಾಯೋದೇ ಇಲ್ಲ ಅನ್ಸತ್ತೆ. ಡ್ರ್ಯಾಗನ್ ಕಾಯಿನ್ ಅಂತ ಸಿಗತ್ತೆ, ಡ್ರೀಮರ್ ಕಾಯಿನ್ ಅಂತ ಇನ್ನೊಂದು, ಇವು ಎರಡೂ ಸತ್ರೂ ನಮ್ ಹತ್ರಾನೇ ಉಳಿಯತ್ತೆ, ಬಿಲದಲ್ಲಿ ಅಂದ್ರೆ ಆಮೆಗಳ ಮನೇಲಿ ಅದನ್ನ ಕೊಟ್ಟು ಶಾಶ್ವತವಾಗಿ ಶಕ್ತಿ ಹೆಚ್ಚಿಸ್ಕೋಬೇಕು. ಸ್ಕ್ರ್ಯಾಪ್ ಮಾತ್ರ ಆ ರನ್‌ಗಷ್ಟೇ, ಅಂದ್ರೆ ಮನೆಯಿಂದ ಹೊರಟು ಸಾಯೋತನಕದ ಒಂದು ಸುತ್ತಿಗಷ್ಟೇ, ಅದನ್ನ ಉಳಿಸಿ ಏನೂ ಉಪಯೋಗ ಇಲ್ಲ, ಅಂಗಡಿ ಸಿಕ್ಕಿದ್ ಕೂಡ್ಲೇ ಖರ್ಚು ಮಾಡಿ. ನಾವು ಇದು ಗೊತ್ತಿಲ್ದೇ ಎರಡು ದಿನ ಸ್ಕ್ರ್ಯಾಪ್ ಕೂಡಿಟ್ಟು ಕೂಡಿಟ್ಟು ಸಾಯ್ತಿದ್ವಿ. ಹೊಸದಾಗಿ ಶುರು ಮಾಡೋರು ಮೊದಲು ಪ್ರಾಣ ಹೆಚ್ಚಿಸೋದಕ್ಕೆ ಕಾಯಿನ್ ಹಾಕಿ, ಏಟಿನ ಬಲ ಆಮೇಲೆ, ಜಾಸ್ತಿ ಹೊತ್ತು ಬದುಕಿದ್ರೆ ತಾನೇ ಜಾಸ್ತಿ ಕಾಯಿನ್ ಬರೋದು.

ಬಾಸ್‌ಗಳಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಬೀಬಾಪ್ ರಾಕ್‌ಸ್ಟೆಡಿ. ಒಬ್ಬ ಕಾಡುಹಂದಿ ಒಬ್ಬ ಘೇಂಡಾಮೃಗ, ಇಬ್ರೂ ಒಂದೇ ಸಲ ಮೈದಾನದಲ್ಲಿ. ಒಬ್ರೇ ಆಡುವಾಗ ಯಾರ ಕಡೆ ನೋಡೋದು ಅಂತಾನೇ ತಲೆಕೆಡತ್ತೆ, ಇಬ್ರು ಆಡುವಾಗ ಜಗಳ ಸಮ ಸಮ ಆಗತ್ತೆ, ನೀನು ಹಂದಿ ನೋಡ್ಕೋ ನಾನು ಘೇಂಡಾಮೃಗ ನೋಡ್ಕೋತೀನಿ ಅಂತ ಹಂಚ್ಕೊಂಡ್ರೆ ಅಷ್ಟು ಚೆನ್ನಾಗಿರತ್ತೆ. ಈ ಒಂದು ಜಗಳ ಜೋಡಿ ಆಟಕ್ಕೇ ಮಾಡಿದಂಗಿದೆ. ಶ್ರೆಡರ್ ಕಷ್ಟ, ಆದ್ರೆ ನ್ಯಾಯವಾದ ಕಷ್ಟ. ಏಟು ಬೀಳೋ ಮುಂಚೆ ಗೊತ್ತಾಗತ್ತೆ, ನೋಡ್ಕೊಂಡು ಜಾರ್ಕೊಂಡ್ರೆ ಬಚಾವು, ಸತ್ರೆ ನಾನೇ ತಪ್ಪು ಮಾಡ್ದೆ ಅಂತ ಗೊತ್ತಾಗತ್ತೆ, ಗೇಮ್ ಮೇಲೆ ಸಿಟ್ಟು ಬರಲ್ಲ.

ಬೇಜಾರಿನ ಸಂಗತಿ ಏನಂದ್ರೆ ಜಾಗಗಳು ಕಮ್ಮಿ. ಚರಂಡಿ, ಹಡಗುಕಟ್ಟೆ, ಬೀದಿ, ತಾರಸಿ, ಯಾವಾಗ್ಲೂ ಅದೇ ಕ್ರಮ, ಇಪ್ಪತ್ತು ರನ್ ಆದ್ಮೇಲೆ ರೂಮಿನ ಆಕಾರ ಎಲ್ಲಾ ಕಣ್ಣಿಗೆ ಕಟ್ಟಿದಂಗೆ ಆಗ್ಬಿಡತ್ತೆ. ಅದರಲ್ಲೂ ಚರಂಡಿ ಭಾಗ ಪ್ರತಿ ಸಲ ದಾಟ್ಲೇಬೇಕಲ್ಲ, ಅದು ಸಾಕಾಗಿ ಹೋಗಿದೆ ನಮಗೆ. ಇನ್ನೊಂದು, ಮೂರು ಜನ ದಾಟಿದ್ರೆ ಸ್ಕ್ರೀನ್ ಮೇಲೆ ಗಲಿಬಿಲಿ. ಬೆಂಕಿ ಲೋಳೆ ನೀರು ಎಲ್ಲಾ ಒಟ್ಟಿಗೆ ಚೆಲ್ಲಿ ಅದರ ಮಧ್ಯೆ ನನ್ ಆಮೆ ಯಾವ್ದು ಅಂತ ಕಾಣಲ್ಲ, ದೀಪಾವಳಿ ದಿನ ಬೀದಿಲಿ ಪರಿಚಯದೋರನ್ನ ಹುಡುಕ್ದಂಗೆ. ನಾಲ್ಕು ಜನ ಆಡಿದಾಗ ಎರಡು ಸಲ ನಾನು ಬೇರೆ ಯಾರ್ನೋ ನಾನು ಅಂದ್ಕೊಂಡು ನೋಡ್ತಾ ಇದ್ದು ಸತ್ತೋದೆ. ನನ್ ಪ್ರಕಾರ ಇಬ್ರು ಅಥವಾ ಮೂರು ಜನ ಸರಿಯಾದ ಲೆಕ್ಕ.

ಆಮೆಗಳ ನಡುವಿನ ಮಾತು ಚೆನ್ನಾಗಿದೆ, ಅಪ್ಪ ಇಲ್ದೇ ಇರೋ ಮನೇಲಿ ಅಣ್ಣತಮ್ಮಂದ್ರು ಒಬ್ರಿಗೊಬ್ರು ಸಿಡುಕೋದು, ಆಮೇಲೆ ಸಮಾಧಾನ ಮಾಡೋದು, ಲಿಯೊ ಎಲ್ಲಾ ತನ್ ಮೇಲೆ ಹಾಕ್ಕೊಳೋದು, ಅವರ ಫ್ರೆಂಡ್ ಎಪ್ರಿಲ್ ಬಂದು ಸಹಾಯ ಮಾಡೋದು. ಆದ್ರೆ ಜೊತೆಲಿ ಆಡುವಾಗ ಈ ಮಾತುಗಳನ್ನ ಕೇಳೋ ತಾಳ್ಮೆ ಯಾರಿಗಾದ್ರೂ ಒಬ್ರಿಗೆ ಇರಲ್ಲ, ನಮ್ಮನೇಲಿ ತಮ್ಮ ಎಲ್ಲಾ ದಾಟಿಸ್ಬಿಡ್ತಾನೆ. ಕತೆ ಬೇಕು ಅಂತ ಇದ್ರೆ ಒಬ್ರೇ ಕೂತು ಒಂದಷ್ಟು ರನ್ ಆಡಿ, ನಾನು ಹಂಗೇ ಮಾಡಿದ್ದು.

ಆನ್‌ಲೈನ್‌ನಲ್ಲಿ ಬೇರೆ ಊರಲ್ಲಿರೋ ಫ್ರೆಂಡ್ ಜೊತೇನೂ ಆಡಿದೆ. ನಮ್ಮನೆ ಇಂಟರ್ನೆಟ್ ರಾತ್ರಿ ಹೊತ್ತು ಕೈಕೊಡತ್ತೆ, ಅದು ಗೇಮಿನ ತಪ್ಪಲ್ಲ, ಆದ್ರೆ ಅರ್ಧ ಸೆಕೆಂಡ್ ತಡ ಆದ್ರೂ ಇಂಥ ಗೇಮಲ್ಲಿ ಜಾರ್ಕೊಳಕ್ಕಾಗಲ್ಲ. ಬೆಳಿಗ್ಗೆ ಆಡಿದಾಗ ಏನೂ ತೊಂದ್ರೆ ಇರ್ಲಿಲ್ಲ. ಒಂದೇ ಸ್ಕ್ರೀನಲ್ಲಿ ಆಡೋದಾದ್ರೆ ಒಂದೇ ಕಾಪಿ ಸಾಕು, ಎಲ್ರೂ ಕೊಂಡ್ಕೋಬೇಕಿಲ್ಲ, ಇದು ನಮ್ಮಂಥೋರಿಗೆ ದೊಡ್ಡ ವಿಷ್ಯ.

ನಾವು ಮೊದಲ ಸಲ ಶ್ರೆಡರ್‌ನ ಕೆಡವಿದ್ದು ಒಂದು ಭಾನುವಾರ ಮಧ್ಯಾಹ್ನ, ನಾನೂ ತಮ್ಮಾನೂ ಚಿಕ್ಕಪ್ಪನ ಮಗಳೂ. ತಮ್ಮ ಆಗ್ಲೇ ಬಿದ್ದಿದ್ದ, ನಂಗೆ ಚೂರು ಪ್ರಾಣ ಇತ್ತು, ಕೊನೇ ಏಟು ಹೊಡೆದಿದ್ದು ಆ ಹತ್ತು ವರ್ಷದ ಮೈಕಿ. ಮನೆ ಕಿತ್ತೋಗೋ ಥರ ಕೂಗಿದ್ವಿ. ಅಮ್ಮ ಅಡುಗೆಮನೆಯಿಂದ "ಹಣ್ಣಾಯ್ತಾ?" ಅಂತ ಕೇಳಿದ್ರು. ಆಯ್ತಮ್ಮ ಅಂದ್ವಿ. ಅಲ್ಲಿಗೆ ಗೇಮ್ ಮುಗಿಯಲ್ಲ, ಆಮೇಲೆ ಕತೆನೂ ಮುಂದುವರಿಯತ್ತೆ, ಕಷ್ಟ ಹೆಚ್ಚಿಸ್ಕೊಂಡು ಆಡೋ ದಾರಿನೂ ಇದೆ.

ಕೊಂಡ್ಕೋಬೇಕು ಅಂತಿರೋರಿಗೆ, ಮನೇಲಿ ಜೊತೆಗೆ ಆಡೋರು ಒಬ್ರಾದ್ರೂ ಇದ್ರೆ ಕಣ್ಮುಚ್ಚಿ ತಗೊಳಿ. ಒಬ್ರೇ ಆಡೋರಾದ್ರೆ ಸ್ಟೀಮ್ ಸೇಲ್ ಬರೋತನಕ ಕಾಯಿರಿ, ಹೇಡಿಸ್ ಆಡಿಲ್ದಿದ್ರೆ ಮೊದಲು ಅದನ್ನ ಆಡಿ. ಕೀಬೋರ್ಡಿಗಿಂತ ಕಂಟ್ರೋಲರ್ ಎಷ್ಟೋ ವಾಸಿ, ಸುಮಾರಾದ್ದು ಒಂದು ಇದ್ರೂ ಸಾಕು. ಆಮೆಗಳ ಇನ್ನೊಬ್ಬ ಫ್ರೆಂಡ್ ಕೇಸಿ ಜೋನ್ಸ್ ಆಗಿ ಆಡೋ ಎಕ್ಸ್‌ಟ್ರಾ ಪ್ಯಾಕ್ ಬೇರೆ ದುಡ್ಡು ಕೊಟ್ಟು ತಗೋಬೇಕು, ಅದು ಆಮೇಲೆ ನೋಡ್ಕೊಳಿ, ಮೊದಲು ಆ ಮೊಸಳೆ ದಾಟಿ.